ಮುಂದಕ್ಕೆ ಎಳೆದಿಟ್ಟ ಸೀಟು

"ಏಯ್! ಯಾರ್ರೀ ಅದು? ಇಳೀರಿ ಕೆಳಗೆ!"

ಕಂಪನಿಯ ಹಿಂದಿನ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಬಿಳಿ ಕಾರುಗಳ ನಡುವೆ ಅವಳ ಕೂಗು ಎದ್ದಿತು. ಗೇಟಿನ ಬಳಿ ತೂಕಡಿಸುತ್ತಿದ್ದ ಕಾವಲುಗಾರ ಬೆಚ್ಚಿ ಎದ್ದು ನಿಂತ.

ಅವಳ ಕಾರಿನಲ್ಲಿ, ಅವಳ ಸೀಟಿನಲ್ಲಿ ಯಾರೋ ಒಬ್ಬ ಉದ್ದನೆಯ ಆಸಾಮಿ ಕೂತಿದ್ದ! ಕೂತಿದ್ದ ಅನ್ನುವುದಕ್ಕಿಂತ ತನ್ನನ್ನು ತಾನೇ ತುರುಕಿಕೊಂಡಿದ್ದ ಅನ್ನಬೇಕು. ಮಂಡಿಗಳು ಸ್ಟೀರಿಂಗಿನ ಎರಡೂ ಪಕ್ಕಕ್ಕೆ ಮೇಲೆದ್ದು, ಬೆನ್ನು ಬಾಗಿ, ನೋಡಿದವರಿಗೆ ಅಯ್ಯೋ ಅನ್ನಿಸುವ ಸ್ಥಿತಿ.

ಅವಳಿಗೇನೂ ಅಯ್ಯೋ ಅನ್ನಿಸಲಿಲ್ಲ.

"ಕಿವಿ ಕೇಳಿಸಲ್ವಾ? ಇದು ನನ್ನ ಗಾಡಿ!"

ಅವನು ನಿಧಾನವಾಗಿ ಬಾಗಿಲು ತೆಗೆದು, ಒಂದೊಂದೇ ಕಾಲನ್ನು ಹೊರಗೆ ಹಾಕಿ ಇಳಿದ.

"ನಿಮ್ಮ ಗಾಡಿ ಅಲ್ಲ. ಕಂಪನಿ ಗಾಡಿ. ಬ್ರೇಕ್ ನೋಡ್ತಿದ್ದೆ."

ಆ ಧ್ವನಿ! ಫೋನಿನಲ್ಲಿ ಎರಡು ವರ್ಷದಿಂದ ಅವಳ ನೆತ್ತರು ಕುದಿಸುತ್ತಿದ್ದ ಅದೇ ತಣ್ಣಗಿನ ಧ್ವನಿ.

'ಓಹೋ... ಹ್ಯಾಂಡ್‌ಬ್ರೇಕ್ ಅಂದ್ರೆ ಇವನೇನಾ!'

ಕಂಪನಿಯ ಕಾರುಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಅವನು. ಟೈರು ಬೇಕೆಂದರೆ ಬೇಡ ಅನ್ನುತ್ತಿದ್ದ, ರಜೆಯ ದಿನ ಕಾರು ಕೇಳಿದರೆ ಆಗಲ್ಲ ಅನ್ನುತ್ತಿದ್ದ. ಅದಕ್ಕೇ ಇಡೀ ಕಚೇರಿ ಅವನಿಗೆ ಹ್ಯಾಂಡ್‌ಬ್ರೇಕ್ ಎಂದು ಹೆಸರಿಟ್ಟಿತ್ತು. ಅಂಗಳದ ಮೂಲೆಯ ಕೋಣೆಯಲ್ಲಿ, ಕಪ್ಪು ಗಾಜಿನ ಕಿಟಕಿಯ ಹಿಂದೆ ಅವನ ಮೇಜು. ಕೀಲಿಗಳೆಲ್ಲ ಕಾವಲುಗಾರನ ಕೈಯಿಂದಲೇ ಬಂದು ಹೋಗುತ್ತಿದ್ದವು, ಹಾಗಾಗಿ ಅವಳು ಇವನ ಮುಖ ನೋಡಿದ್ದು ಇವತ್ತೇ ಮೊದಲು.

ಅವಳಿಗೂ ಒಂದು ಅಡ್ಡಹೆಸರಿತ್ತು. ತಕ್ಕಡಿ. ಕಾರ್ಖಾನೆ, ಗೋದಾಮು, ಔಷಧಿ ಅಂಗಡಿಗಳಿಗೆ ಹೋಗಿ ಅಲ್ಲಿನ ತೂಕದ ಯಂತ್ರಗಳು ಸುಳ್ಳು ಹೇಳುತ್ತಿಲ್ಲ ತಾನೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಡಿಕ್ಕಿಯ ತುಂಬ ಕಬ್ಬಿಣದ ತೂಕದ ಬಟ್ಟುಗಳು. ಆ ಹೆಸರನ್ನು ಪ್ರೀತಿಯಿಂದಲೇ ಕರೆಯುತ್ತಿದ್ದರು. ಆದರೆ ಕರೆದಾಗಲೆಲ್ಲ ಅವಳ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಒಂದು ಕಡೆ ವಾಲಿದ ತಕ್ಕಡಿ...

ಯಾಕೆಂದರೆ ಅವಳ ಎಡಗಾಲು ಬಲಗಾಲಿಗಿಂತ ಗಿಡ್ಡ. ಹುಟ್ಟಿದಾಗಿನಿಂದಲೂ.

ಇದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಅವಳು ನೋಡಿಕೊಂಡಿದ್ದಳು. ಶೂ ಒಳಗೆ ದಪ್ಪನೆಯ ಅಟ್ಟೆ, ನಡಿಗೆಯಲ್ಲಿ ಸದಾ ಒಂದು ಬಿಗಿ. ಅವಳಿಗಿಂತ ಮೊದಲು ಈ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಮಂಡಿನೋವು ಅಂತ ತಿಳಿದ ಕೂಡಲೇ, "ಪಾಪ, ನಿಮಗ್ಯಾಕೆ ಓಡಾಟ" ಎಂದು ಒಳಗಿನ ಕೋಣೆಯಲ್ಲಿ ಫೋನು ಎತ್ತಲು ಕೂರಿಸಿದ್ದರು. ಆ 'ಪಾಪ' ಅನ್ನುವ ಮಾತು ಅವಳಿಗೆ ಬೈಗುಳಕ್ಕಿಂತ ಕಡೆ. ರಸ್ತೆಯೇ ಅವಳ ಉಸಿರು. ಅದನ್ನು ಕಿತ್ತುಕೊಂಡರೆ ಅವಳಲ್ಲಿ ಇನ್ನೇನು ಉಳಿಯುತ್ತದೆ?

"ಬ್ರೇಕ್ ನೋಡೋಕೆ ನನ್ನ ಸೀಟಲ್ಲೇ ಕೂರ್ಬೇಕಾ?"

"ಬ್ರೇಕ್ ಪೆಡಲ್ ಅಲ್ಲೇ ಇರೋದು."

ಇವನಿಗೆಷ್ಟು ಕೊಬ್ಬು! ಅವಳು ಮೂಗು ಮುರಿದು, ಬಟ್ಟಿನ ಪೆಟ್ಟಿಗೆ ಹೇರಿದ ಕೈಗಾಡಿಯನ್ನು ಡಿಕ್ಕಿಯತ್ತ ತಳ್ಳಿದಳು.

"ಇನ್ನೇನು ಬಿಡಿ, ಇನ್ನು ಸ್ವಲ್ಪ ದಿನ. ಆಮೇಲೆ ಈ ಗಾಡಿನ ನೀವೇ ತಲೆ ಮೇಲೆ ಹೊತ್ಕೊಂಡು ಮೆರೀರಿ. ನಾನು ಲೀಸ್ ತಗೋತಿದ್ದೀನಿ."

ಆ ವಾರವೇ ಕಂಪನಿಯಿಂದ ಸುತ್ತೋಲೆ ಬಂದಿತ್ತು. ಊರು ಸುತ್ತುವ ಕೆಲಸದವರು ಕಂಪನಿ ಕಾರನ್ನೇ ಇಟ್ಟುಕೊಳ್ಳಬಹುದು, ಇಲ್ಲವೇ ಭತ್ಯೆ ಪಡೆದು ತಮ್ಮ ಹೆಸರಿನಲ್ಲಿ ಬೇರೆ ಕಾರನ್ನು ಲೀಸಿಗೆ ತೆಗೆದುಕೊಳ್ಳಬಹುದು. ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಕಾರು ಬೇಕೆಂದರೆ ಮ್ಯಾನೇಜರಿಗೆ ಕಾರಣ ತಿಳಿಸಬೇಕು. ಆ ಒಂದು ಸಾಲನ್ನು ಅವಳು, ಕಚ್ಚುವ ನಾಯಿ ಇರುವ ಮನೆಯನ್ನು ದಾಟುವಂತೆ ಬೇಗ ದಾಟಿದ್ದಳು.

ಇಷ್ಟು ಹೊತ್ತು ಕಲ್ಲಿನಂತಿದ್ದ ಅವನ ಮುಖ ಈಗ ಸ್ವಲ್ಪ ಅಲ್ಲಾಡಿತು.

"ಬೇಡ" ಅಂದ.

"ಏನು ಬೇಡ?"

"ಲೀಸ್ ಬೇಡ. ಕಂಪನಿ ಗಾಡೀನೇ ಒಳ್ಳೇದು."

"ಯಾರಿಗೆ ಒಳ್ಳೇದು?"

ಅವನು ಕೀಲಿಯನ್ನು ಕಾರಿನ ಮೇಲಿಟ್ಟು ತನ್ನ ಕೋಣೆಯತ್ತ ನಡೆದುಬಿಟ್ಟ.

ಅವಳು ಸಿಟ್ಟಿನಲ್ಲೇ ಒಳಗೆ ಕೂತು ಬಾಗಿಲು ಎಳೆದುಕೊಂಡಳು. ಸೀಟು ಇದ್ದ ಜಾಗದಲ್ಲೇ ಇತ್ತು. ಅವಳಿಗೆ ಬೇಕಾದಂತೆ, ಪೂರ್ತಿ ಮುಂದಕ್ಕೆ. ಸಿಟ್ಟು ಬಂದವರ ಕಣ್ಣಿಗೆ ಇಂಥದ್ದೆಲ್ಲ ಎಲ್ಲಿ ಕಾಣುತ್ತದೆ ಹೇಳಿ!

* * *

"ಕಂಪನಿ ಕಾರು ಅಂದ್ರೆ ಎರವಲು ಒಡವೆ ಇದ್ದ ಹಾಗೆ ಕಣೇ" ಎಂದಳು ಅಕ್ಕ, ಒಗೆದ ಬಟ್ಟೆ ಮಡಚುತ್ತಾ. "ಹಾಕ್ಕೊಂಡು ಮೆರೀಬಹುದು, ಆದ್ರೆ ಕುತ್ತಿಗೆ ಯಾವಾಗ ಖಾಲಿ ಆಗುತ್ತೋ ಗೊತ್ತಿಲ್ಲ. ಅದ್ರಲ್ಲಿ ನಾನು ಒಂದು ದಿನ ಕೂತಿದ್ದೀನಾ? ಮನೆಯವ್ರು ಕೂರೋ ಹಾಗಿಲ್ಲ ಅಂತೆ! ನಾನೇನು ಗಾಡಿ ಕಚ್ಚಿ ತಿಂತೀನಾ?"

ಅಕ್ಕ ತಂಗಿ ಇಬ್ಬರದೇ ಮನೆ. ಅಕ್ಕ ಹೊಲಿಗೆ ಅಂಗಡಿಯಿಂದ ಬಟ್ಟೆಯ ಮೂಟೆ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದಾಗ ಒಮ್ಮೆ ಇವಳು ಪಕ್ಕದಲ್ಲೇ ಕಂಪನಿ ಕಾರಿನಲ್ಲಿ ಹಾದು ಹೋಗಿದ್ದಳು. ನಿಲ್ಲಿಸಲಾಗದೆ! ಆ ದಿನ ರಾತ್ರಿ ಇಬ್ಬರೂ ಮಾತಾಡಿರಲಿಲ್ಲ.

"ಅದು ಬಿಡಕ್ಕಾ. ಆ ಗಾಡಿಗೆ ಟ್ರ್ಯಾಕರ್ ಇದೆ. ನಾನು ಎಲ್ಲಿ ನಿಲ್ಲಿಸ್ತೀನೋ ಅದೆಲ್ಲ ಆ ಹ್ಯಾಂಡ್‌ಬ್ರೇಕ್ ಕಂಪ್ಯೂಟರಲ್ಲಿ ಕಾಣುತ್ತೆ."

"ಫಿಸಿಯೋಥೆರಪಿಗೆ ಹೋಗೋದೂ?"

"ಹೂಂ... ಒಂದ್ಸಲ ಕೇಳೇಬಿಟ್ಟ. ಪ್ರತಿ ವಾರ ಒಂದೇ ಬೀದಿಗೆ ಹೋಗ್ತೀರಲ್ಲ, ಯಾಕೆ ಅಂತ. ಗಿರಾಕಿ ಅಂದೆ. ಆಮೇಲೆ ಕೇಳಿಲ್ಲ. ಆದ್ರೆ ಅವನು ಸುಮ್ನಿದ್ದಾನೆ ಅಂದ್ರೇನೇ ನನಗೆ ಭಯ. ಯಾವತ್ತಾದ್ರೂ ಮ್ಯಾನೇಜರ್ ಕಿವಿಗೆ ಹಾಕ್ತಾನೆ ನೋಡು."

ಅಕ್ಕ ಮಡಚುವುದನ್ನು ನಿಲ್ಲಿಸಿ ತಂಗಿಯ ಮುಖ ನೋಡಿದಳು.

"ಹೌದು, ಈ ಹ್ಯಾಂಡ್‌ಬ್ರೇಕ್ ವಿಷಯ ದಿನಾ ಬರುತ್ತಲ್ಲ ಮನೇಲಿ? ನೋಡೋಕೆ ಹೇಗಿದ್ದಾನೆ?"

"ಥೂ! ಏಣಿ ಇದ್ದ ಹಾಗಿದ್ದಾನೆ."

"ಏಣಿ ಮನೆಗೆ ಉಪಯೋಗಕ್ಕೆ ಬರುತ್ತೆ" ಎಂದು ಅಕ್ಕ ಮತ್ತೆ ಬಟ್ಟೆಗೆ ಕೈಹಾಕಿದಳು. ದಿಂಬೊಂದು ಹಾರಿ ಬಂದು ಅವಳ ತಲೆಗೆ ಬಿತ್ತು.

* * *

ಲೀಸಿಗೆ ಮೊದಲು ವಾಹನ ವಿಭಾಗದ ಒಪ್ಪಿಗೆ ಬೇಕು. ಎಲ್ಲರಿಗೂ ಒಪ್ಪಿಗೆ ಸಿಕ್ಕಿತು. ಅವಳಿಗೊಬ್ಬಳಿಗೆ ಸಿಗಲಿಲ್ಲ!

ಫೋನು ಎತ್ತಿದವಳು ಉಸಿರು ಬಿಡದೆ ಶುರು ಮಾಡಿದಳು.

"ನನ್ನ ಮೇಲೆ ಏನ್ರೀ ಹಗೆ ನಿಮಗೆ? ಮಾರಾಟದವರಿಗೆ ಕೊಟ್ರಿ, ರಿಪೇರಿಯವರಿಗೆ ಕೊಟ್ರಿ. ನನಗ್ಯಾಕಿಲ್ಲ?"

"ನಿಮ್ಮದು ಭಾರ ಹೊರೋ ಕೆಲಸ. ಲೀಸ್ ಗಾಡಿ ತಡೆಯಲ್ಲ."

"ಅದೂ ಇದೇ ಮಾಡೆಲ್ ಗಾಡಿ!"

"...ಬಣ್ಣ ಬೇರೆ ಇರಬಹುದು."

"ಬಣ್ಣಕ್ಕೂ ಭಾರಕ್ಕೂ ಏನ್ರೀ ಸಂಬಂಧ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ ಹಾಗಾಯ್ತು! ನೇರವಾಗಿ ಹೇಳಿ. ನನ್ನ ಮೇಲೆ ಕಣ್ಣಿಡೋಕೆ ಆಗಲ್ಲ ಅಂತ ತಾನೇ?"



"ಹಾಗೆ ಅಂದ್ಕೊಳ್ಳಿ" ಎಂದು ಅವನು ಫೋನಿಟ್ಟ.

ಹಾಗೆ ಅಂದ್ಕೊಳ್ಳಿ ಅಂತೆ! ಅವಳ ಮೈಯೆಲ್ಲ ಉರಿದುಹೋಯಿತು. ಸರಿ, ಲೀಸ್ ಗಾಡಿ ಎಷ್ಟು ತಡೆಯುತ್ತೆ ಅಂತ ತೋರಿಸಿಯೇ ಬಿಡೋಣ ಎಂದು ಅವಳು ಮರುದಿನವೇ ಲೀಸ್ ಕಂಪನಿಯ ಷೋರೂಮಿಗೆ ಹೋದಳು.

ಅದೇ ಮಾಡೆಲ್. ಅದೇ ಬಿಳಿ ಬಣ್ಣ ಕೂಡ. ಷೋರೂಮಿನ ಹುಡುಗಿ ನಗುತ್ತಾ ಕೀಲಿ ಕೊಟ್ಟಳು. ಅವಳು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು, ಕ್ಲಚ್ ಒತ್ತಲು ಹೋದಳು.

ಕಾಲು ತಲುಪಲಿಲ್ಲ.

ಸೊಂಟ ಜಾರಿಸಿ, ಬೆರಳ ತುದಿಯಲ್ಲಿ ಒತ್ತಿದಳು. ತೊಡೆಯ ಸಂದಿನಲ್ಲಿ ಹಳೆಯ ನೋವೊಂದು ಚುರ್ರೆಂದಿತು. ಕಾರು ಮುಂದಕ್ಕೆ ಹಾರಿ, ನಿಂತು, ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ ಬಾಗಿಲ ಬಳಿಯ ದೊಡ್ಡ ಹೂಕುಂಡಕ್ಕೆ ಗುದ್ದಿತು!

ಒಳಗಿದ್ದವರೆಲ್ಲ ಗಾಜಿನಾಚೆಯಿಂದ ನೋಡಿದರು.

"ಮೇಡಂ, ಹೊಸಬರಾ? ಕಲೀತಿದ್ದೀರಾ?" ಎಂದಳು ಆ ಹುಡುಗಿ, ತುಂಬ ಮೃದುವಾಗಿ.

ದಿನವಿಡೀ ರಸ್ತೆಯಲ್ಲೇ ಇರುವವಳಿಗೆ ಈ ಮಾತು! ಅವಳು ಕೀಲಿ ಕೊಟ್ಟು ಹೊರಬಂದಳು. ಕಣ್ಣು ತುಂಬಿ ರಸ್ತೆ ಮಸುಕಾಗಿತ್ತು.

ತನ್ನ ಕಂಪನಿ ಕಾರಿನಲ್ಲಿ ಕೂತು ಕ್ಲಚ್ ಒತ್ತಿದಳು. ಕಾಲು ಹಾಯಾಗಿ ಕೂತಿತು. ನೋವಿಲ್ಲ, ಜಾರುವುದಿಲ್ಲ.

'ಅದೇ ಮಾಡೆಲ್... ಹಾಗಾದ್ರೆ ಇದು ಹೇಗೆ?'

ಆಗ ನೆನಪಾಯಿತು. ಈ ಕಾರು ಕೈಗೆ ಬಂದ ಹೊಸದರಲ್ಲಿ ಇಲ್ಲಿಯೂ ಹೀಗೇ ನೋಯುತ್ತಿತ್ತು. ಮೊದಲ ಸರ್ವಿಸ್ ಆಗಿ ಬಂದಮೇಲೆ ಕ್ಲಚ್ ಹಗುರವಾಗಿತ್ತು. ಮೆಕ್ಯಾನಿಕ್ ಒಳ್ಳೆಯವನು ಅಂದುಕೊಂಡು ಸುಮ್ಮನಾಗಿದ್ದಳು.

ಅವಳು ಬಗ್ಗಿ ಪೆಡಲಿಗೆ ಕೈಹಾಕಿದಳು. ರಬ್ಬರ್ ಹೊದಿಕೆಯ ಕೆಳಗೆ ಏನೋ ಇತ್ತು. ಎಳೆದಾಗ ಬಂತು. ಎರಡು ಬೆರಳಿನಷ್ಟು ದಪ್ಪದ ಮರದ ತುಂಡು. ಅಂಚುಗಳನ್ನು ಉಜ್ಜಿ ದುಂಡು ಮಾಡಿ, ಜಾರದಂತೆ ತಳಕ್ಕೆ ಗೀರು ಹಾಕಿ, ಪೆಡಲಿನ ಅಳತೆಗೆ ಸರಿಯಾಗಿ ಕೂರುವಂತೆ ಕೆತ್ತಿದ್ದರು. ಯಾವ ಸರ್ವಿಸ್ ಸೆಂಟರಿನವರೂ ಹೀಗೆ ಮಾಡುವುದಿಲ್ಲ.

ಅವಳನ್ನು ಬಿಟ್ಟರೆ ಈ ಗಾಡಿಯಲ್ಲಿ ಕೂರುವವನು ಒಬ್ಬನೇ, ಹ್ಯಾಂಡ್‌ಬ್ರೇಕ್.

ಅವನಿಗೆ ಗೊತ್ತು! ಎರಡು ವರ್ಷದಿಂದ ಗೊತ್ತು!

* * *

ಟಪ್ಪೆಂದು ಮರದ ತುಂಡು ಅವನ ಮೇಜಿನ ಮೇಲೆ ಬಿತ್ತು.

"ಏನಿದು?"

ಅವನು ಅದನ್ನು ನೋಡಿದ. ಮುಖ ಬಿಳಿಚಿಕೊಂಡಿತು.

"ಮರದ ತುಂಡು."

"ಆಟ ಆಡ್ಬೇಡಿ ನನ್ನ ಹತ್ರ! ಯಾರು ಹೇಳಿದ್ರು ನಿಮಗೆ ನನ್ನ ಕಾಲಿನ ವಿಷಯ?"

"ಯಾರೂ ಹೇಳಿಲ್ಲ." ಅವನು ಕಿಟಕಿಯತ್ತ ನೋಡಿದ. "ಗಾಡಿಗಳನ್ನ ನೋಡೋದೇ ನನ್ನ ಕೆಲಸ. ಮೇಜು ಇಲ್ಲೇ ಇದೆ. ನೀವು ಬಾಗಿಲಿಂದ ಬರೋವಾಗ ನೆಟ್ಟಗೆ ನಡೀತೀರಿ. ಅಂಗಳದಲ್ಲಿ ಯಾರೂ ಇಲ್ಲ ಅನ್ನಿಸಿದಾಗ ಮಾತ್ರ... ನಿಮ್ಮ ನಡಿಗೆ ನಡೀತೀರಿ. ಮೊದಲ ತಿಂಗಳು ಗಾಡಿ ಇಳಿದು ಬಾಗಿಲು ಹಿಡ್ಕೊಂಡು ನಿಂತ್ಕೊಳ್ತಿದ್ರಿ. ನೋಡೋಕಾಗ್ಲಿಲ್ಲ."

"ಅದಕ್ಕೆ ಪಾಪ ಅನ್ನಿಸ್ತಾ? ಕುಂಟಿಗೆ ಧರ್ಮ ಮಾಡೋಣ ಅನ್ನಿಸ್ತಾ?"

"ಆ ಮಾತು ಆಡ್ಬೇಡಿ!"

ಮೊದಲ ಬಾರಿಗೆ ಅವನ ಧ್ವನಿ ಏರಿತು. ಕಾವಲುಗಾರ ಬಾಗಿಲಲ್ಲಿ ಇಣುಕಿ, ಇಬ್ಬರ ಮುಖ ನೋಡಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದ.

"ಎಷ್ಟು ಜನಕ್ಕೆ ಹೇಳಿದ್ದೀರಿ?" ಎಂದಳು ಅವಳು.

"ಯಾರಿಗೂ ಇಲ್ಲ. ನಿಮಗೂ ಹೇಳಿರ್ಲಿಲ್ಲವಲ್ಲ."

"ಅದೇ ನಿಮ್ಮ ತಪ್ಪು! ನನ್ನ ಕಾಲು, ನನ್ನ ಗಾಡಿ, ನನ್ನನ್ನ ಒಂದು ಮಾತು ಕೇಳ್ಬಾರ್ದಾ? ನಾನೇ ಆ ಗಾಡಿನ ಪಳಗಿಸಿದ್ದೀನಿ ಅಂತ ಎರಡು ವರ್ಷ ಬೀಗ್ತಿದ್ದೆ... ಇವತ್ತು ಷೋರೂಮಲ್ಲಿ ಎಲ್ಲರ ಮುಂದೆ..."

ಅವನಿಗೆ ಎಲ್ಲವೂ ಅರ್ಥವಾಯಿತು. ತಲೆ ತಗ್ಗಿಸಿದ.

"ತಪ್ಪು. ಒಪ್ಕೋತೀನಿ. ಕೇಳಿದ್ರೆ ನೀವು ಮುಚ್ಚಿಟ್ಟಿದ್ದು ನನಗೆ ಗೊತ್ತು ಅಂತ ಆಗುತ್ತೆ. ಆಮೇಲೆ ನೀವು ಈ ಅಂಗಳದಲ್ಲೂ ಬಿಗಿದುಕೊಂಡೇ ನಡೀತೀರಿ ಅನ್ನಿಸ್ತು. ಲೀಸ್ ಗಾಡಿಗೆ ಕೈ ಹಾಕೋ ಹಾಗಿಲ್ಲ, ಒಂದು ಮೊಳೆ ಹೊಡೆದ್ರೂ ಹಿಡೀತಾರೆ. ಅದಕ್ಕೇ ಬೇಡ ಅಂದಿದ್ದು."

"ಆಟೊಮ್ಯಾಟಿಕ್ ತಗೊಳ್ಳಿ ಅನ್ನಬಹುದಿತ್ತಲ್ಲ!"

"ಅದಕ್ಕೆ ಮ್ಯಾನೇಜರ್‌ಗೆ ಕಾರಣ ಕೊಡ್ಬೇಕು. ಆ ಕಾರಣ ನಿಮ್ಮದು. ಹೇಳೋದೂ ಬಿಡೋದೂ ನಿಮಗೆ ಬಿಟ್ಟಿದ್ದು."

ಅವನು ಡ್ರಾಯರಿನಿಂದ ಅವಳ ಅರ್ಜಿ ತೆಗೆದು, ಒಪ್ಪಿಗೆ ಬರೆದು ಸಹಿ ಹಾಕಿ ಮುಂದಕ್ಕೆ ತಳ್ಳಿದ.

ಅವಳು ಕಿತ್ತುಕೊಂಡಳು. ಬಾಗಿಲವರೆಗೂ ಹೋಗಿ ತಿರುಗಿ ಬಂದು, ಆ ಮರದ ತುಂಡನ್ನೂ ಕಿತ್ತುಕೊಂಡಳು. ಯಾಕೆ ಅಂತ ಅವಳಿಗೇ ಗೊತ್ತಿರಲಿಲ್ಲ. ನನಗೆ ಗೊತ್ತು, ಆದರೆ ಈಗಲೇ ಹೇಳುವುದಿಲ್ಲ.

* * *

ಹಟ ನೋಡಿ! ಆ ವಾರ ಅವಳು ತುಂಡಿಲ್ಲದೆಯೇ ಕಾರು ಓಡಿಸಿದಳು. ಸಂಜೆ ಮನೆಗೆ ಬಂದರೆ ಸೊಂಟ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು.

"ಮೂಗಿನ ಮೇಲಿನ ಕೋಪಕ್ಕೆ ಮೂಗು ಕೊಯ್ಕೊಂಡ್ರೆ ಮತ್ತೆ ಬರುತ್ತಾ?" ಎಂದು ಅಕ್ಕ ಬಿಸಿನೀರಿನ ಚೀಲ ಇಡುತ್ತಾ ಬೈದಳು. "ಅವನು ಮಾಡಿದ್ದು ತಪ್ಪು, ಸರಿ. ಕೇಳದೆ ಮಾಡಿದ್ದು ತಪ್ಪು. ಆದ್ರೆ ಎರಡು ವರ್ಷ ಬಾಯಿ ಬಿಡದೆ ಇದ್ದಾನಲ್ಲೇ! ನನ್ನ ಹೊಟ್ಟೇಲಿ ಎರಡು ದಿನ ನಿಲ್ಲುತ್ತಾ ಒಂದು ವಿಷಯ?"

ಈ ವಾರ ಅವಳು ಅವನಿಗೆ ಒಂದೂ ಫೋನು ಮಾಡಿರಲಿಲ್ಲ. ವೈಪರ್ ಶಬ್ದ ಬರುತ್ತಿತ್ತು, ಮಾಡಲಿಲ್ಲ. ದೀಪ ಮಂಕಾಗಿತ್ತು, ಮಾಡಲಿಲ್ಲ. ಜಗಳವಿಲ್ಲದ ದಿನ ಇಷ್ಟು ಸಪ್ಪೆ ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

'ಆ ದಿನ ಅವನು ಕೂತಾಗಲೂ ನನ್ನ ಸೀಟು ಯಾಕೆ ಮುಂದಕ್ಕೇ ಇತ್ತು?' ಇದ್ದಕ್ಕಿದ್ದಂತೆ ಹೊಳೆಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಫೋನಿನಲ್ಲಿ ಕಿರುಚಿದ್ದಳು. ಸರ್ವಿಸಿಗೆ ಕೊಟ್ಟಾಗೆಲ್ಲ ನನ್ನ ಸೀಟು ಯಾರ್ರೀ ಹಿಂದೆ ತಳ್ಳೋದು, ಮತ್ತೆ ಸರಿ ಮಾಡ್ಕೊಳ್ಳೋಕೆ ನನಗೆ ಅರ್ಧ ದಿನ ಬೇಕು ಅಂತ. ಅದಾದ ಮೇಲೆ ಸೀಟು ಒಂದು ದಿನವೂ ಕದಲಿರಲಿಲ್ಲ. ಆ ಏಣಿಯಂಥ ಮನುಷ್ಯ ಎರಡು ವರ್ಷದಿಂದ ಪ್ರತಿ ಸಲ ಮಂಡಿ ಮಡಚಿಕೊಂಡು, ಬೆನ್ನು ಬಗ್ಗಿಸಿಕೊಂಡು, ಅವಳ ಅಳತೆಯಲ್ಲೇ ಕೂತು ಬ್ರೇಕ್ ನೋಡುತ್ತಿದ್ದ.

ಪಾಪ ಅನ್ನಿಸಿದವರು ಹೀಗೆ ಮಾಡುತ್ತಾರೆಯೇ? ಪಾಪ ಅನ್ನಿಸಿದವರು ಊರಿಗೆಲ್ಲ ಹೇಳಿ, ಒಳಗಿನ ಕೋಣೆಯಲ್ಲಿ ಕುರ್ಚಿ ಹಾಕುತ್ತಾರೆ.

ಅವಳು ಬಿಸಿನೀರಿನ ಚೀಲವನ್ನು ಎದೆಗೊತ್ತಿಕೊಂಡು ಅತ್ತಳು. ಅಕ್ಕ ಏನೂ ಕೇಳಲಿಲ್ಲ. ಅಂಥ ಪವಾಡ ಆ ಮನೆಯಲ್ಲಿ ಅಪರೂಪ.

ಮರುದಿನ ಬೆಳಿಗ್ಗೆ ಅವಳು ಮ್ಯಾನೇಜರ ಮುಂದೆ ನಿಂತಳು. ಈ ಮಾತು ಬಾಯಿಂದ ಬಿದ್ದರೆ ರಸ್ತೆ ಕೈತಪ್ಪಬಹುದು. ಆದರೂ ಇನ್ನೊಬ್ಬರ ಮೌನದ ನೆರಳಲ್ಲಿ ಎಷ್ಟು ದಿನ ಗಾಡಿ ಓಡಿಸುವುದು?

"ಸರ್, ನನಗೆ ಆಟೊಮ್ಯಾಟಿಕ್ ಬೇಕು. ನನ್ನ ಎಡಗಾಲು ಗಿಡ್ಡ ಇದೆ. ಹುಟ್ಟಿನಿಂದ. ನನ್ನ ಕೆಲಸದಲ್ಲಿ ಒಂದು ದಿನ ಒಂದು ತಪ್ಪು ಕಂಡಿದ್ರೆ ಹೇಳಿ. ಕಂಡಿಲ್ಲ ಅಂದ್ರೆ, ನನ್ನನ್ನ ಒಳಗೆ ಕೂರಿಸೋ ಮಾತು ಆಡ್ಬೇಡಿ!"

ಮ್ಯಾನೇಜರ್ ಕನ್ನಡಕದ ಮೇಲಿಂದ ನೋಡಿದರು. "ಒಳಗೆ ಕೂರಿಸಿದ್ರೆ ನಮಗೂ ಒಳ್ಳೇದಲ್ಲ. ಫೋನಲ್ಲಿ ನೀನು ಗಿರಾಕಿಗಳ ಹತ್ರ ಇದೇ ಧ್ವನೀಲಿ ಮಾತಾಡಿದ್ರೆ ಒಬ್ಬನೂ ಉಳಿಯಲ್ಲ" ಎಂದು ಸಹಿ ಹಾಕಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ, "ಮೊದಲೇ ಹೇಳ್ಬಾರ್ದಿತ್ತೇನಮ್ಮಾ?" ಅಂದರು.

ಹೊರಗೆ ಬಂದು ಅವಳು ಗೋಡೆಗೆ ಒರಗಿ ನಿಂತಳು. ಇಷ್ಟು ವರ್ಷ ಹೆದರಿದ್ದು ಇಷ್ಟಕ್ಕೇನಾ! ನಗು ಬಂತು, ಜೊತೆಗೆ ಅಳುವೂ.

* * *

ಕಂಪನಿ ಕಾರನ್ನು ಒಪ್ಪಿಸುವ ದಿನ ಕೀಲಿಯನ್ನು ಕಾವಲುಗಾರನ ಕೈಗೆ ಕೊಡದೆ ಅವಳು ತಾನೇ ಮೂಲೆಯ ಕೋಣೆಗೆ ಹೋದಳು. ಕೋಣೆ ಖಾಲಿ! ಕಿಟಕಿಯಿಂದ ನೋಡಿದರೆ ಅವನು ಅಂಗಳದಲ್ಲಿ, ಅವಳ ಹಳೆಯ ಕಾರಿನೊಳಗೆ ಕೂತಿದ್ದ. ಇನ್ನೊಂದು ಕೀಲಿ ಅವನ ಹತ್ತಿರ ಇದ್ದೇ ಇತ್ತಲ್ಲ. ಮಂಡಿ ಮೇಲೆದ್ದು, ಬೆನ್ನು ಬಾಗಿ, ಅದೇ ಅಯ್ಯೋ ಅನ್ನಿಸುವ ಸ್ಥಿತಿ.

ಈ ಸಲ ಅವಳಿಗೆ ಅಯ್ಯೋ ಅನ್ನಿಸಿತು.

ಅವಳು ಹೋಗಿ ಗಾಜು ತಟ್ಟಿದಳು.

"ಈಗಾದ್ರೂ ಸೀಟು ಹಿಂದಕ್ಕೆ ತಳ್ಳಿ. ನಾಳೆಯಿಂದ ಈ ಗಾಡಿ ಬೇರೆಯವರದ್ದು."

"ತಳ್ಳೋಣ ಅಂತಲೇ ಕೂತೆ." ಅವನು ಸ್ಟೀರಿಂಗ್ ನೋಡುತ್ತಾ ಹೇಳಿದ. "ಮನಸ್ಸು ಬರ್ತಿಲ್ಲ."



"ಯಾಕೆ? ಬಾಯಿ ಬಿಟ್ಟು ಹೇಳಿ. ಎರಡು ವರ್ಷ ಸುಮ್ನಿದ್ದಿದ್ದು ಸಾಕು."

ಅವನು ಇಳಿದು ಎದುರು ನಿಂತ. ಆ ತಣ್ಣಗಿನ ಧ್ವನಿ ಎಲ್ಲೋ ಹೋಗಿತ್ತು.

"ನೀವು ಫೋನ್ ಮಾಡಿ ಬೈದ್ರೆ ನನಗೆ ಆ ದಿನ ಚೆನ್ನಾಗಿರುತ್ತೆ. ಆ ಜಗಳ ಆದಾಗಿನಿಂದ ನೀವು ಬೈದೇ ಇಲ್ಲ. ದಿನಾ ಫೋನ್ ಕೆಟ್ಟಿದೆಯಾ ಅಂತ ನೋಡ್ಕೊಂಡೆ. ಇಷ್ಟ ನೀವಂದ್ರೆ ನನಗೆ. ಕಾಲು ನೋಡಿ ಅಲ್ಲ. ಕಾಲು ಬಿಟ್ಟೂ ಅಲ್ಲ. ನೀವು... ಪೂರ್ತಿ."

ಅವಳು ಚೀಲಕ್ಕೆ ಕೈಹಾಕಿ ಮರದ ತುಂಡನ್ನು ತೆಗೆದಳು. ಅವನ ಮುಖ ಸಣ್ಣದಾಯಿತು.

"ವಾಪಸ್ ಕೊಡ್ತೀರಾ?"

"ಕೊಡಲ್ಲ. ಇದು ನನ್ನದು. ಹೊಸ ಗಾಡಿಗೆ ಕ್ಲಚ್ಚೇ ಇಲ್ಲ, ಆದ್ರೂ ಇಟ್ಕೋತೀನಿ." ಅವಳು ಅದನ್ನು ಮತ್ತೆ ಚೀಲದಲ್ಲಿಟ್ಟಳು. "ಇನ್ಮೇಲೆ ನನಗೇನಾದ್ರೂ ಮಾಡಬೇಕು ಅನ್ನಿಸಿದ್ರೆ ಮೊದಲು ನನ್ನನ್ನ ಕೇಳ್ಬೇಕು. ತಿಳೀತಾ?"

"ತಿಳೀತು."

"ಹಾಗಾದ್ರೆ ಕೇಳಿ."

ಅವನು ಗಲಿಬಿಲಿಗೊಂಡ. ಕಿವಿಯವರೆಗೂ ಕೆಂಪಾದ. "ಹೊಸ ಗಾಡೀಲಿ... ನಾನೂ ಕೂರಬಹುದಾ?"

"ಕೂರಬಹುದು. ಅದು ನನ್ನ ಗಾಡಿ, ಯಾರನ್ನ ಬೇಕಾದ್ರೂ ಕೂರಿಸ್ಕೋತೀನಿ. ಪಕ್ಕದ ಸೀಟನ್ನ ಪೂರ್ತಿ ಹಿಂದಕ್ಕೆ ತಳ್ಳಿಟ್ಟಿದ್ದೀನಿ." ಅವಳು ಗೇಟಿನತ್ತ ಕೈ ತೋರಿಸಿದಳು. "ಆಚೆ ನಿಲ್ಲಿಸಿದ್ದೀನಿ. ಹೊರಗಿನ ಗಾಡಿಗೆ ಒಳಗೆ ಜಾಗ ಇಲ್ಲ ಅಂತ ಯಾರೋ ಒಬ್ಬ ಪುಣ್ಯಾತ್ಮ ನಿಯಮ ಮಾಡಿದ್ದಾನೆ. ಹಿಂದಿನ ಸೀಟಲ್ಲಿ ನಮ್ಮಕ್ಕ ಇದ್ದಾಳೆ. ಹೆದರ್ಕೋಬೇಡಿ."

ಅಂಗಳ ಉದ್ದಕ್ಕೆ ಬಿದ್ದಿತ್ತು. ಕಾವಲುಗಾರ ನೋಡುತ್ತಿದ್ದ. ಮಾರಾಟದವರು ಇಬ್ಬರು ಕಾರಿಗೆ ಒರಗಿ ಮಾತಾಡುತ್ತಿದ್ದರು. ಅವಳು ಒಂದು ಕ್ಷಣ ನಿಂತು, ಹೆಗಲು ಸಡಿಲ ಬಿಟ್ಟು, ನಡೆಯತೊಡಗಿದಳು. ತನ್ನ ನಡಿಗೆ. ಎರಡು ಹೆಜ್ಜೆಗೊಮ್ಮೆ ಎಡಕ್ಕೆ ಬಾಗುವ, ಯಾರ ಮುಂದೆಯೂ ನಡೆಯದಿದ್ದ ನಡಿಗೆ.

ಅವನು ತನ್ನ ಉದ್ದ ಹೆಜ್ಜೆಗಳನ್ನು ಚಿಕ್ಕದು ಮಾಡಿಕೊಂಡು ಪಕ್ಕಕ್ಕೆ ಬಂದ.

"ನೋಡ್ತಿದ್ದೀರಾ?" ಎಂದಳು, ಮುಂದೆ ನೋಡುತ್ತಲೇ.

"ಹೂಂ."

"ನೋಡಿ. ಕಿಟಕಿಯಿಂದ ಬೇಡ. ಹೀಗೆ ಪಕ್ಕದಿಂದ ನೋಡಿ."

ಗೇಟಿನಾಚೆ ಹಾರ್ನ್ ಬಡಿದುಕೊಂಡಿತು. ಹಿಂದಿನ ಸೀಟಿನಿಂದಲೇ ಬಗ್ಗಿ ಒತ್ತುವಷ್ಟು ಅಕ್ಕನಿಗೆ ತಾಳ್ಮೆ ಮುಗಿದಿತ್ತು.

"ಬೇಗ ಹೋಗ್ಬೇಕಾ?" ಎಂದು ಅವನು ಕೇಳಿದ.

ಅವಳು ಅವನ ಕೈ ಹಿಡಿದುಕೊಂಡಳು.

"ಬೇಡ... ನಿಧಾನಕ್ಕೇ ಹೋಗೋಣ."